ಕಾರು ಮರೆಯದ ಕೀ

ಬೀಗದಣ್ಣನಿಗೆ ಮುಖ ನೆನಪಿರುವುದಿಲ್ಲ, ಹಲ್ಲು ನೆನಪಿರುತ್ತದೆ. ಮನುಷ್ಯರ ಹಲ್ಲಲ್ಲ ಮತ್ತೆ, ಕೀಯ ಹಲ್ಲು. ಸ್ವಂತ ಷಡ್ಡಕ ಅಂಗಡಿಗೆ ಬಂದು ನಿಂತರೆ "ಯಾವ ಕಾರು ಸಾರ್ ನಿಮ್ದು?" ಎಂದು ಕೇಳಿದ ಮಹಾನುಭಾವ ಇವನು. ಆ ಷಡ್ಡಕ ಎರಡು ವರ್ಷ ಮಾತು ಬಿಟ್ಟಿದ್ದ. ಆದರೆ ಹತ್ತು ವರ್ಷದ ಹಿಂದೆ ಕತ್ತರಿಸಿ ಕೊಟ್ಟ ಕೀ ಒಂದನ್ನು ಇವನ ಕೈಗಿಡಿ. ಅದರ ಏರುತಗ್ಗಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದು, "ಮೂಲೆ ಮನೆ ಡಾಕ್ಟರ ಹಳೇ ಕಾರಿಂದು, ನಾಲ್ಕನೇ ಹಲ್ಲು ಸವೆದಿದೆ ನೋಡಿ" ಎನ್ನುತ್ತಾನೆ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಗೋಡೆಗೆ ಮೊಳೆ ಹೊಡೆದು ಸಾಲುಸಾಲಾಗಿ ತೂಗುಹಾಕಿದ ಹಲ್ಲಿಲ್ಲದ ಕೀಗಳು, ಮೂಲೆಯಲ್ಲಿ ಕೀ ಕತ್ತರಿಸುವ ಯಂತ್ರ, ಮೇಜಿನ ಕೆಳಗೆ ಕೆಟ್ಟುಹೋದ ಕೀಗಳನ್ನು ಎಸೆಯುವ ಬಿಸ್ಕತ್ತಿನ ಡಬ್ಬ. ಅರ ಹಿಡಿದು ಉಜ್ಜುವ ಕಾಲದಲ್ಲಿ ಮಾವನ ಕೈಕೆಳಗೆ ಕೆಲಸ ಕಲಿತು, ಮಾವನ ಮಗಳನ್ನೇ ಮದುವೆಯಾಗಿ, ಮಾವನ ಅಂಗಡಿಯಲ್ಲೇ ಕೂತವನು. ಕಾರುಗಳಿಗೆ ರಿಮೋಟ್ ಬಂದಾಗ ಸರೀಕರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರೂ ಇವನು ಕೂರಲಿಲ್ಲ. ಅಂಗೈಯಗಲದ ಪರದೆಯಿರುವ ಯಂತ್ರವೊಂದನ್ನು ತಂದ. ಅದರ ತಂತಿಯನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ ಕಾರಿನ ಜೊತೆ ಮಾತಾಡುವುದನ್ನು ಐವತ್ತು ದಾಟಿದ ಮೇಲೆ ಕಲಿತ. ಅದರ ಹೆಮ್ಮೆ ಇಷ್ಟಲ್ಲ. ಸ್ಕೂಟರಿನ ಹಿಂದೆ ಒಂದು ಡಬ್ಬ ಕೂರಿಸಿ, ಅದರ ಮೇಲೆ ಹಳದಿ ಬಣ್ಣದಲ್ಲಿ "ಬೀಗದಣ್ಣ. ಎಲ್ಲ ಬಗೆಯ ಕಾರಿನ ಕೀ, ರಿಮೋಟ್" ಎಂದು ಬರೆಸಿ ಕೆಳಗೆ ಫೋನ್ ನಂಬರನ್ನೂ ಹಾಕಿಸಿದ. "ಯಾರಾದ್ರೂ ಓದಲಿ ಅಂತಾನೋ, ಕಣ್ಣು ಕುಕ್ಕಲಿ ಅಂತಾನೋ?" ಎಂದು ಹೆಂಡತಿ ಕೇಳಿದ್ದಳು.

ಇನ್ನು ಬಾಯಿಯೋ, ದೇವರೇ! ಕೀ ಮಾಡಿಸಲು ಬಂದವರಿಗೆಲ್ಲ ಪಾಠ. "ಕಾರಿಗೆ ಕಣ್ಣಿಲ್ಲ ಸಾರ್, ಕಿವಿ ಇದೆ. ನೀವು ಗುಂಡಿ ಒತ್ತಿದ್ರೆ ರಿಮೋಟ್ ಒಂದು ಗುಟ್ಟಿನ ಸಂಖ್ಯೆ ಹೇಳುತ್ತೆ. ಮುಂದಿನ ಸಲ ಅದೇ ಸಂಖ್ಯೆ ಹೇಳಲ್ಲ, ಬೇರೆ. ಅದರ ಮುಂದಿನ ಸಲ ಇನ್ನೂ ಬೇರೆ. ಮುಂದಿಂದು ಯಾವ್ದು ಅಂತ ಕಾರಿಗೂ ಗೊತ್ತು, ರಿಮೋಟಿಗೂ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಕಳ್ಳ ಕದ್ದು ಕೇಳಿಸಿಕೊಂಡ್ರೂ ಅವನ ಕೈಗೆ ಸಿಗೋದು ಹಳೇ ಸಂಖ್ಯೆ, ಕಾರು ಕ್ಯಾರೇ ಅನ್ನಲ್ಲ!" ಒಳಗಿನಿಂದ ಹೆಂಡತಿಯ ದನಿ ಬರುತ್ತಿತ್ತು: "ಊರಿಗೆಲ್ಲ ಬೀಗ ಹಾಕ್ತೀರಿ, ನಿಮ್ಮ ಬಾಯಿಗೊಂದು ಹಾಕ್ಕೊಳ್ರೀ!" ಅವಳ ಮಾತನ್ನು ಅವನು ಕೇಳಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಮೂರು ವಾರದ ಹಿಂದಿನ ಮಾತು. ಒಬ್ಬ ನರ್ಸಮ್ಮ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದಳು. ಮೂವತ್ತರ ಆಸುಪಾಸು, ಕಾಲಲ್ಲಿ ಆಸ್ಪತ್ರೆಯ ಬಿಳಿ ಷೂ. ಕಾರಿನ ಕಾಗದ ಕೇಳಿದ, ಅವಳ ಹೆಸರಲ್ಲೇ ಇತ್ತು. ಕಾಗದ ನೋಡದೆ ಅವನು ಯಾರಿಗೂ ಕೀ ಮಾಡಿಕೊಟ್ಟವನಲ್ಲ.

"ನನ್ನ ಹತ್ರ ಒಂದು ಕೀ ಇದೆ, ಇನ್ನೊಂದು ಹೊಸದು ಬೇಕು ಅಣ್ಣ," ಎಂದಳು. "ಆದ್ರೆ ಅದಕ್ಕಿಂತ ಮುಖ್ಯ, ಈ ಕಾರಿನ ಮತ್ತೊಂದು ಕೀ ಬೇರೆಯವರ ಹತ್ರ ಉಳಿದುಬಿಟ್ಟಿದೆ. ಅದು ಇನ್ನು ಕೆಲಸ ಮಾಡಬಾರದು."

"ಅಷ್ಟೇ ತಾನೆ? ಕಾರಿನ ನೆನಪಲ್ಲಿ ನಾಲ್ಕು ಕೀಗೆ ಜಾಗ ಇರುತ್ತೆ ತಾಯಿ. ಬೇಡದ್ದನ್ನ ಅಳಿಸಿಬಿಟ್ರೆ ಆಮೇಲೆ ಅದು ಮಕ್ಕಳ ಆಟದ ಸಾಮಾನು."

ಅವಳು ಒಳಗೆ ಬಂದು ಕೂತಳು. ಕೂರುವ ಮುಂಚೆ ಕುರ್ಚಿಯನ್ನು ಬೀದಿ ಕಾಣುವಂತೆ ತಿರುಗಿಸಿಕೊಂಡಳು. ಬೀಗದಣ್ಣ ಅದನ್ನು ಗಮನಿಸಲಿಲ್ಲ, ಹೆಂಡತಿ ಗಮನಿಸಿದಳು. ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. ಕೀ ಕತ್ತರಿಸುವ ಯಂತ್ರದ ಗಲಾಟೆಯ ನಡುವೆ ನರ್ಸಮ್ಮ ಅವಳಿಗೆ ಅಷ್ಟಿಷ್ಟು ಹೇಳಿದಳು. ಗಂಡನ ಮನೆ ಬಿಟ್ಟು ಬಂದು ಎರಡು ತಿಂಗಳು. ಮೊದಲಿನ ಆಸ್ಪತ್ರೆಯನ್ನೂ ಬಿಟ್ಟು ಈಗ ಸೇತುವೆ ಆಚೆಯ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದಾಳೆ. ಕಾರಿಗೆ ಸದಾ ಹೊದಿಕೆ ಹಾಕಿಡುತ್ತಾಳೆ, ನಂಬರ್ ಕಾಣದಿರಲಿ ಎಂದು. ಪೊಲೀಸರಿಗೆ ದೂರು ಕೊಟ್ಟಾಗ ಬರೆದುಕೊಂಡರು, ಅಷ್ಟೆ. "ಹೊಡೆಯುವಾಗಲೂ ದನಿ ಎತ್ತಲ್ಲ ಅಕ್ಕ ಅವರು," ಎಂದಳಂತೆ. ತೋಳಿನ ಮೇಲಿನ ಗುರುತನ್ನು ಹೆಂಡತಿ ಕಣ್ಣಾರೆ ಕಂಡಳು.

ಮೊದಲ ಕೀ ಕತ್ತರಿಸುವಾಗ ಕೊನೆಯ ಹಲ್ಲಲ್ಲಿ ಕೈ ಜಾರಿ ಕೆಟ್ಟಿತು. ಅದನ್ನು ಡಬ್ಬಕ್ಕೆ ಎಸೆದು ಇನ್ನೊಂದು ಕತ್ತರಿಸಿದ. ಆಮೇಲೆ ಕಾರಲ್ಲಿ ಕೂತು ಯಂತ್ರ ಸಿಕ್ಕಿಸಿ ಹೊಸ ಕೀಯನ್ನು ಕಲಿಸಿದ. ಈ ಜಾತಿಯ ಕಾರುಗಳಲ್ಲಿ ಹೊಸದನ್ನು ಕಲಿಸಲು ಹೊರಟರೆ ಹಳೆಯವೆಲ್ಲ ತಾವಾಗಿ ಅಳಿಸಿಹೋಗುತ್ತಿದ್ದವು. ಅವನು ಅಂಥ ನೂರು ಕೆಲಸ ಮಾಡಿದ್ದ. ಆದರೆ ಹೊಸ ಮಾದರಿಯಲ್ಲಿ ಕಂಪನಿಯವರು ಅದನ್ನು ಬದಲಿಸಿದ್ದರು. ಕಲಿಸಿದರೆ ಸೇರಿಕೊಳ್ಳುತ್ತದೆ, ಅಷ್ಟೆ. ಅಳಿಸುವುದು ಬೇರೆಯದೇ ಕೆಲಸ. ಕೆಲಸ ಮುಗಿದಾಗ ಪರದೆಯ ಕೆಳಗೆ ಸಣ್ಣಕ್ಷರದಲ್ಲಿ ಒಟ್ಟು ಕೀ ಎಷ್ಟೆಂದು ತೋರಿಸುತ್ತದೆ. ಅದನ್ನು ಓದಬೇಕಾದ ಕನ್ನಡಕ ಬೀಗದಣ್ಣನ ಹಣೆಯ ಮೇಲಿತ್ತು. ಅವನು ಯಾವುದೋ ಹಳೆಯ ಕಾರಿನ ಕಥೆ ಹೇಳುತ್ತಿದ್ದ.

ಎರಡೂ ಕೀಗಳನ್ನು ಒತ್ತಿ ತೋರಿಸಿದ. ಎರಡಕ್ಕೂ ಕಾರು ದೀಪ ಮಿಟುಕಿಸಿ ಕೀಕ್ ಕೀಕ್ ಎಂದಿತು. ಕೆಲಸ ಮಾಡಬೇಕಾದ ಕೀಯನ್ನು ಒತ್ತಿ ನೋಡಬಹುದು. ಕೆಲಸ ಮಾಡಬಾರದ ಕೀ ಕೈಯಲ್ಲೇ ಇಲ್ಲದಿರುವಾಗ ಯಾವುದನ್ನು ಒತ್ತಿ ನೋಡುವುದು? ಆ ಸಣ್ಣಕ್ಷರವೊಂದೇ ಸಾಕ್ಷಿ.

"ಇನ್ನು ನಿಶ್ಚಿಂತೆಯಿಂದ ನಿದ್ದೆ ಮಾಡಮ್ಮ," ಎಂದ. ಅವಳು ಮೊದಲ ಬಾರಿಗೆ ನಕ್ಕಳು. ಫೋನ್ ನಂಬರ್ ಕೇಳಿದರೆ ಮಾತ್ರ ಕೊಡಲಿಲ್ಲ.

ಹೋದ ವಾರ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಗಂಡಸು ಬಂದ. ಇಸ್ತ್ರಿ ಮಾಡಿದ ಷರ್ಟು, ನುಣ್ಣಗೆ ಬೋಳಿಸಿದ ಗಲ್ಲ. ಒಳಗೆ ಬರುವ ಮುಂಚೆ ಹೊಸ್ತಿಲಲ್ಲಿ ನಿಂತು ಕಾಲೊರೆಸಿಕೊಂಡ. ಅಂಥ ಗಿರಾಕಿ ವರ್ಷಕ್ಕೊಬ್ಬ ಸಿಕ್ಕರೆ ಹೆಚ್ಚು.

"ಅಣ್ಣ, ಇದರ ಬ್ಯಾಟರಿ ಇಳಿದಿದೆ ಅನ್ಸುತ್ತೆ. ಕಾರಿನ ಪಕ್ಕಕ್ಕೇ ಹೋಗಿ ಒತ್ತಿದ್ರೂ ಕೇಳಿಸುತ್ತೋ ಇಲ್ವೋ ಅನುಮಾನ."

ಬೀಗದಣ್ಣ ರಿಮೋಟನ್ನು ಬಿಡಿಸಿ, ಬಟನ್ನಿನಂಥ ಹಳೆಯ ಬ್ಯಾಟರಿ ತೆಗೆದು ಹೊಸದು ಕೂರಿಸಿದ. ಒತ್ತಿ ನೋಡಿದರೆ ಕೆಂಪು ದೀಪ ಚುರುಕಾಗಿ ಮಿನುಗಿತು. "ಈಗ ನೋಡಿ ಸಾರ್, ಮೂವತ್ತು ನಲವತ್ತು ಹೆಜ್ಜೆ ದೂರದಿಂದ ಕೇಳುತ್ತೆ."

"ದೊಡ್ಡ ಪಾರ್ಕಿಂಗ್‌ಗಳಲ್ಲಿ ಕಾರು ಹುಡುಕೋದೇ ಕಷ್ಟ ಆಗಿದೆ. ಇನ್ನೂ ದೂರಕ್ಕೆ ಕೇಳೋ ಹಾಗೆ ಮಾಡೋಕಾಗುತ್ತಾ?"

ಅಷ್ಟು ಸಾಕಾಯಿತು ನಮ್ಮ ಪಂಡಿತನಿಗೆ. "ಗದ್ದಕ್ಕೆ ಆನಿಸಿ ಒತ್ತಿ ಸಾರ್! ನಗಬೇಡಿ. ತಲೆಯೇ ಆಂಟೆನಾ ಥರ ಆಗುತ್ತೆ, ಇನ್ನೊಂದು ಹದಿನೈದು ಹೆಜ್ಜೆ ಜಾಸ್ತಿ."

"ಹೌದಾ! ಮತ್ತೆ, ಕಾರಿಂದ ದೂರದಲ್ಲಿ ನೂರಾರು ಸಲ ಒತ್ತಿಬಿಟ್ಟಿದ್ರೆ?"

"ಹಾಗಾದ್ರೆ ಸಂಖ್ಯೆ ತುಂಬ ಮುಂದೆ ಹೋಗಿರುತ್ತೆ, ಕಾರಿಗೆ ಅನುಮಾನ ಬರುತ್ತೆ. ಬೆನ್ನುಬೆನ್ನಿಗೆ ಎರಡು ಸಲ ಒತ್ತಿ, ನಂಬುತ್ತೆ. ಅಷ್ಟಕ್ಕೂ ರಿಮೋಟ್ ಕೈಕೊಟ್ರೆ ಈ ಅಲಗಿದೆಯಲ್ಲ," ಎಂದು ಮಡಚಿದ್ದ ಕೀಯ ಅಲಗನ್ನು ಚಿಮ್ಮಿಸಿ ತೋರಿಸಿದ, "ಇದರ ಹಲ್ಲು ಬಾಗಿಲು ತೆಗೆದೇ ತೆಗೆಯುತ್ತೆ." ಹೆಬ್ಬೆರಳು ಅಭ್ಯಾಸಬಲದಿಂದ ಹಲ್ಲಿನ ಮೇಲೆ ಹಾದುಹೋಯಿತು.

"ತುಂಬ ತಿಳ್ಕೊಂಡಿದ್ದೀರಿ ಅಣ್ಣ. ಈ ವಾರ ನಾಲ್ಕು ಆಸ್ಪತ್ರೆಯ ಪಾರ್ಕಿಂಗ್ ಸುತ್ತಿದೀನಿ, ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ."

"ಅಯ್ಯೋ, ಆಸ್ಪತ್ರೆ ಯಾಕೆ ಸಾರ್? ಯಾರಿಗೆ ಹುಷಾರಿಲ್ಲ?"

"ಹೆಂಡತಿಗೆ," ಎಂದು ಅವನು ಮೃದುವಾಗಿ ಹೇಳಿ, ಕೈಮುಗಿದು ಹೋದ.

ಬೀಗದಣ್ಣ ಮತ್ತೊಂದು ಕೆಲಸಕ್ಕೆ ಕೈಹಾಕಿದ. ಆದರೆ ಹೆಬ್ಬೆರಳು ಸುಮ್ಮನಿರಲಿಲ್ಲ. ಎರಡು ತಗ್ಗು, ಒಂದು ಏರು, ಆಮೇಲೆ ಅರ್ಧಚಂದ್ರದ ಹಾಗೆ ಒಂದು ಕೊರೆತ. ಎಲ್ಲಿ ಮುಟ್ಟಿದ್ದೆ ಇದನ್ನ? ಈಚೆಗೇ ಮುಟ್ಟಿದ್ದೇನೆ. ಕೆಲಸ ಬಿಟ್ಟು ಎದ್ದ. ಕೂತ. ಮತ್ತೆ ಎದ್ದು ಬಿಸ್ಕತ್ತಿನ ಡಬ್ಬವನ್ನು ನೆಲದ ಮೇಲೆ ಸುರಿದ. ರಾಶಿಯಲ್ಲಿ ಕೈಯಾಡಿಸಿ ಕೊನೆಯ ಹಲ್ಲು ಕೆಟ್ಟಿದ್ದ ಕೀಯೊಂದನ್ನು ಹೆಕ್ಕಿ ಹೆಬ್ಬೆರಳು ಎಳೆದ. ಅದೇ. ನರ್ಸಮ್ಮನ ಕಾರು.

ಮರುಕ್ಷಣವೇ ತನಗೆ ತಾನೇ ಸಮಾಧಾನ ಹೇಳಿಕೊಂಡ: ಅಳಿಸಿದ್ದೇನಲ್ಲ, ಒತ್ತಿಕೊಂಡು ಸಾಯಲಿ, ಆಟದ ಸಾಮಾನು. ಆದರೂ ಯಂತ್ರ ತೆಗೆದು, ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ, ಹಿಂದಿನ ಕೆಲಸಗಳ ಪಟ್ಟಿಯಲ್ಲಿ ಆ ದಿನದ್ದನ್ನು ಹುಡುಕಿದ. ಒಟ್ಟು ಕೀ: ಮೂರು. ಎರಡಿರಬೇಕಿತ್ತು. ಕಾರು ಯಾರನ್ನೂ ಮರೆತಿರಲಿಲ್ಲ.

"ಏನೇ, ಬಾ ಇಲ್ಲಿ," ಎಂದ. ಅವನ ದನಿ ಕೇಳಿಯೇ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ, ಗದ್ದ, ಎರಡು ಸಲ, ಅಲಗು, ಎಲ್ಲ ಹೇಳಿದ.

ಹೆಂಡತಿ ಗೋಡೆಗೆ ಕೈಯಾನಿಸಿ ನಿಂತಳು. "ಅಯ್ಯೋ ಪಾಪಿ! ಅವಳನ್ನ ಹುಡುಕೋಕೆ ದಾರಿ ತೋರಿಸಿ, ಕೈಗೆ ದೀಪಾನೂ ಕೊಟ್ಟು ಕಳಿಸಿದ್ರಲ್ರೀ! ಅವನು ಪಾರ್ಕಿಂಗ್ ಪಾರ್ಕಿಂಗ್ ಸುತ್ತಿ ಒತ್ತುತ್ತಾ ಹೋಗ್ತಾನೆ. ಹೊದಿಕೆ ಒಳಗಿಂದ ಆ ಕಾರು ಇಲ್ಲಿದೀನಿ ಅಂತ ಕೂಗುತ್ತೆ." ಬೈಯುತ್ತಲೇ ಫೋನ್ ಎತ್ತಿಕೊಂಡು ಸೇತುವೆ ಆಚೆಯ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹಚ್ಚಿದಳು. ನರ್ಸಮ್ಮ ಸಿಕ್ಕಳು. ಕೆಲಸ ಮುಗಿಸಿ ಹೊರಡುವುದರಲ್ಲಿದ್ದಳು. "ಕೆಳಗೆ ಇಳೀಬೇಡ ತಾಯಿ. ನಮ್ಮವರು ಬರ್ತಿದಾರೆ, ಅವರ ಜೊತೇಲೇ ಕಾರಿನ ಹತ್ರ ಹೋಗು," ಎಂದಳು.

ಬೀಗದಣ್ಣ ಯಂತ್ರವನ್ನು ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಕೇಳುತ್ತಿದ್ದುದು ತನ್ನದೇ ಮಾತು. ನಿಶ್ಚಿಂತೆಯಿಂದ ನಿದ್ದೆ ಮಾಡಮ್ಮ. ಥೂ, ನನ್ನ ನಾಲಿಗೆ ಸೇದಿಹೋಗ, ಎಂದು ಗಟ್ಟಿಯಾಗಿಯೇ ಬೈದುಕೊಂಡ.

ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗು. ತಗ್ಗು ಸೂರು, ಅಲ್ಲೊಂದು ಇಲ್ಲೊಂದು ಕೊಳವೆ ದೀಪ, ಸಾಲು ಕಂಬಗಳು. ಕಾವಲಿನವನು ಮೇಲೆ ಗೇಟಿನಲ್ಲಿದ್ದಾನೆ, ಕೂಗಿದರೂ ಕೇಳದಷ್ಟು ದೂರ. ಮೂಲೆಯಲ್ಲಿ ಬೂದು ಹೊದಿಕೆ ಹೊದ್ದ ಕಾರು. ಬೀಗದಣ್ಣ ಸ್ಕೂಟರನ್ನು ಅದರ ಹಿಂದಿನ ಕಂಬಕ್ಕೆ ಒರಗಿಸಿ ನಿಲ್ಲಿಸಿದ. ನರ್ಸಮ್ಮ ಮೆಟ್ಟಿಲ ಬಾಗಿಲಿಂದ ಬಂದಳು. ಹೊದಿಕೆಯನ್ನು ಪೂರ್ತಿ ತೆಗೆಯದೆ ಅಂಚನ್ನು ಎತ್ತಿ, ಇಬ್ಬರೂ ಒಂದೊಂದು ಬಾಗಿಲಿಂದ ಒಳಗೆ ನುಸುಳಿ ಬಾಗಿಲು ಹಾಕಿಕೊಂಡರು. ಹೊದಿಕೆ ಮತ್ತೆ ಇಳಿಬಿದ್ದು ಗಾಜುಗಳನ್ನೆಲ್ಲ ಮುಚ್ಚಿತು. ಒಳಗೆ ಮಬ್ಬು ಬೆಳಕು. ಹೊರಗೇನೂ ಕಾಣದು.

ಯಂತ್ರ ಸಿಕ್ಕಿಸಿದ. ಕನ್ನಡಕ ಈ ಸಲ ಕಣ್ಣಿನ ಮೇಲೇ ಇತ್ತು. ಎಲ್ಲ ಕೀಗಳನ್ನು ಅಳಿಸು. ಖಚಿತವೇ? ಖಚಿತ. ಪರದೆ ಯೋಚನೆ ಮಾಡುತ್ತಾ ಕೂತಿತು. ಆಗ ದೂರದಲ್ಲಿ ಇಳಿಜಾರಿನ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿಸಿತು. ನಾಲ್ಕು ಹೆಜ್ಜೆ. ನಿಂತಿತು. ಮತ್ತೆ ನಾಲ್ಕು ಹೆಜ್ಜೆ. ನಿಂತಿತು.

"ಅವರೇ," ಎಂದಳು ನರ್ಸಮ್ಮ. ಬರೀ ತುಟಿ ಆಡಿತು, ದನಿ ಬರಲಿಲ್ಲ.

ಒಟ್ಟು ಕೀ: ಸೊನ್ನೆ. ಬೀಗದಣ್ಣ ಅವಳ ಕೀಯನ್ನು ಕಲಿಸಿದ. ಅವಳ ಎರಡನೆಯ ಕೀ ಮನೆಯಲ್ಲಿತ್ತು, ಅದು ಆಮೇಲೆ. ಒಟ್ಟು ಕೀ: ಒಂದು. ಹೆಜ್ಜೆ ಈಗ ಪಕ್ಕದ ಸಾಲಿನಲ್ಲಿತ್ತು. ನಿಂತಿತು. ಟಿಕ್ ಎಂದು ಗುಂಡಿ ಒತ್ತಿದ ಸದ್ದು. ಕಾರು ಸುಮ್ಮನಿತ್ತು. ಟಿಕ್ ಟಿಕ್. ಬೆನ್ನುಬೆನ್ನಿಗೆ ಎರಡು ಸಲ, ಹೇಳಿಕೊಟ್ಟ ಹಾಗೆಯೇ. ಗದ್ದಕ್ಕೂ ಆನಿಸಿಕೊಂಡಿದ್ದನೋ ಏನೋ. ಕಾರು ಸುಮ್ಮನಿತ್ತು. ಹೆಜ್ಜೆಗಳು ಹೊದಿಕೆಯನ್ನು ಸವರಿಕೊಂಡೇ ಹಾದುಹೋದವು. ನರ್ಸಮ್ಮ ಬೀಗದಣ್ಣನ ಮಣಿಕಟ್ಟನ್ನು ಹಿಡಿದಿದ್ದಳು. ಉಗುರು ಚರ್ಮದೊಳಗೆ ಇಳಿದಿತ್ತು. ಹೋದ, ಹೋದ, ಎಂದು ಬೀಗದಣ್ಣ ಮನಸ್ಸಿನಲ್ಲೇ ಎಣಿಸಿದ.

ಹೆಜ್ಜೆ ಕಾರಿನ ಹಿಂದೆ ನಿಂತಿತು. ಆಮೇಲೆ ಒಂದು ಮೃದುವಾದ ದನಿ, ನಿಧಾನವಾಗಿ, ಓದು ಕಲಿಯುವವರ ಹಾಗೆ:

"ಬೀಗದಣ್ಣ. ಎಲ್ಲ ಬಗೆಯ ಕಾರಿನ ಕೀ. ರಿಮೋಟ್."

ಹಾಳಾದ ಹಳದಿ ಬಣ್ಣ! ಕಾರಿನ ಬಾಯಿ ಮುಚ್ಚಿಸಲು ಓಡಿಬಂದವನು ತನ್ನ ಹೆಸರನ್ನೇ ತಂದು ಅದರ ಬೆನ್ನಿಗೆ ನಿಲ್ಲಿಸಿದ್ದ. ಹೊರಗೆ ಹೆಜ್ಜೆಗಳು ತಿರುಗಿದವು, ಈಗ ಅವಸರವಿಲ್ಲದೆ, ಕಾರಿನ ಕಡೆಗೆ.

"ನಾನು ಇಳೀತೀನಿ," ಎಂದು ಪಿಸುಗುಟ್ಟಿದ. "ಇಳಿದ ತಕ್ಷಣ ಲಾಕ್ ಒತ್ತಮ್ಮ. ಮುಂದಿನ ಗಾಜು ಕಂಡ ಕೂಡಲೇ ಗಾಡಿ ಎಬ್ಬಿಸು, ಹಿಂದಕ್ಕೆ ನೋಡಬೇಡ. ನಮ್ಮನೆಗೆ ಹೋಗು, ಅವಳಿದಾಳೆ."

"ಅಣ್ಣ, ನೀವು?"

"ನನ್ನ ತಪ್ಪಮ್ಮ ಇದು," ಎಂದು ಬಾಗಿಲು ತೆಗೆದು ಇಳಿದ. ಬೆನ್ನ ಹಿಂದೆ ನಾಲ್ಕೂ ಬಾಗಿಲು ಒಟ್ಟಿಗೇ ಟಕ್ಕೆಂದು ಬಿಗಿದುಕೊಂಡವು. ಸಾವಿರ ಸಲ ಕೇಳಿದ ಸದ್ದು ಅದು. ಆದರೆ ಅದರ ಹೊರಗೆ ತಾನು ಹೀಗೆ ನಿಂತದ್ದು ಅದೇ ಮೊದಲು. ಹೊದಿಕೆಯನ್ನು ಮೂತಿಯ ಕಡೆಯಿಂದ ಎಳೆದು ಮುಂದಿನ ಗಾಜನ್ನು ಬಿಡಿಸುತ್ತಾ ಸುತ್ತಿ ಬಂದು, ಅವಳ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸರಿಯಾಗಿ ಕೀ ತೂತಿನ ಮೇಲೆ ಸೊಂಟ.

ಗಂಡಸು ಮೂರು ಹೆಜ್ಜೆ ದೂರದಲ್ಲಿದ್ದ. ಅದೇ ಇಸ್ತ್ರಿ ಷರ್ಟು, ಅದೇ ನಗು.

"ನೀವು ಹಾಕಿದ ಬ್ಯಾಟರಿ ಸರಿ ಇಲ್ಲ ಅಣ್ಣ."

"ಬ್ಯಾಟರಿ ಸರಿಯಾಗೇ ಇದೆ. ಕಾರು ನಿಮ್ಮನ್ನ ಮರೆತಿದೆ." ಬೀಗದಣ್ಣ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತ.

ಗಂಡಸು ಕೀಯ ಗುಂಡಿ ಒತ್ತಿದ. ಅಲಗು ಚಿಮ್ಮಿ ಹೊರಬಂತು. "ಹಲ್ಲು ಬಾಗಿಲು ತೆಗೆದೇ ತೆಗೆಯುತ್ತೆ ಅಂದಿದ್ರಲ್ಲ. ಸ್ವಲ್ಪ ಪಕ್ಕಕ್ಕೆ ಬನ್ನಿ."

ಬೀಗದಣ್ಣ ಸರಿಯಲಿಲ್ಲ. ಅವನು ಹತ್ತಿರ ಬಂದ. ಇಷ್ಟು ಹತ್ತಿರ ಬಂದರೂ ದನಿ ಎತ್ತಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಅಲಗಿನ ಹಲ್ಲು ಅಂಗಿಯ ಮೇಲಿಂದ ಪಕ್ಕೆಲುಬಿಗೆ ತಾಗಿ ನಿಧಾನವಾಗಿ ಒತ್ತತೊಡಗಿತು. ಎರಡು ತಗ್ಗು, ಒಂದು ಏರು, ಅರ್ಧಚಂದ್ರ. ಅಷ್ಟರಲ್ಲಿ ಹಿಂದೆ ಎಂಜಿನ್ ಗುರ್ರೆಂದಿತು. "ಹೊರಡಮ್ಮಾ!" ಎಂದು ಬೀಗದಣ್ಣ ಕಿರುಚಿ ಅವನ ಮೈಮೇಲೆ ಬಿದ್ದ. ಕಾರು ಹೊದಿಕೆಯನ್ನು ಎಳೆದುಕೊಂಡೇ ಇಳಿಜಾರು ಹತ್ತಿತು. ಅರ್ಧ ದಾರಿಯಲ್ಲಿ ಹೊದಿಕೆ ಜಾರಿ ಬಿತ್ತು.

ಗಂಡಸು ಎದ್ದು ಮೈ ಧೂಳು ಕೊಡವಿಕೊಂಡ. ನೆಲದಲ್ಲಿ ಬಿದ್ದಿದ್ದ ಬೀಗದಣ್ಣನನ್ನು ಮುಟ್ಟಲೂ ಇಲ್ಲ. ಸ್ಕೂಟರಿನ ಬಳಿ ಹೋಗಿ ಬಗ್ಗಿ ನೋಡಿದ. "ಫೋನ್ ನಂಬರೂ ಇದೆ. ಅಂಗಡಿ ಹೇಗಿದ್ರೂ ಗೊತ್ತಲ್ಲ. ಒಳ್ಳೇದಾಯ್ತು," ಎಂದು ಹೇಳಿ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲದೆ, ನೇರವಾಗಿ ಹೊರಗೆ ನಡೆದ.

ಅವತ್ತು ಸಂಜೆಯೇ ಬೀಗದಣ್ಣ ಆ ಕಾರಿನ ಬಾಗಿಲ ಬೀಗವನ್ನೂ ಕಿತ್ತು ಬೇರೆ ಹಾಕಿದ. ನರ್ಸಮ್ಮ ಎರಡನೆಯ ದಿನಕ್ಕೆ ಊರೇ ಬಿಟ್ಟಳು. ಯಾವ ಊರೆಂದು ಹೆಂಡತಿಗೆ ಮಾತ್ರ ಗೊತ್ತು, ಗಂಡನಿಗೆ ಹೇಳಿಲ್ಲ, ಅವನೂ ಕೇಳಿಲ್ಲ. ಪೊಲೀಸರು ಬಂದು ಮತ್ತೊಮ್ಮೆ ಬರೆದುಕೊಂಡು ಹೋದರು. ಪಕ್ಕೆಲುಬಿನ ಮೇಲಿನ ಗಾಯ ಕಪ್ಪಿಟ್ಟಿದೆ. ಹಲ್ಲಿನ ಗುರುತು ಎಷ್ಟು ಚೆನ್ನಾಗಿ ಮೂಡಿದೆಯೆಂದರೆ ಬೇಕಾದರೆ ಅದನ್ನು ನೋಡಿಯೇ ಕೀ ಕತ್ತರಿಸಬಹುದು.

"ಮೊದಲು ಆ ಹೆಸರು ಕೆರೆದು ಹಾಕ್ರೀ," ಎಂದು ಹೆಂಡತಿ ಸ್ಕೂಟರಿನ ಮುಂದೆ ಅರ ಹಿಡಿದು ನಿಂತಳು. "ನಂಬರೂ ಹೋಗಲಿ, ಬೋರ್ಡೂ ಇಳಿಸೋಣ. ಒಂದು ತಿಂಗಳು ನಮ್ಮಕ್ಕನ ಮನೇಲಿರೋಣ."

ಬೀಗದಣ್ಣ ಅವಳ ಕೈಯಿಂದ ಅರ ತೆಗೆದುಕೊಂಡು ಮೇಜಿನ ಮೇಲಿಟ್ಟ. "ಇರಲಿ ಬಿಡೇ. ಅವನಿಗೆ ಈಗ ಗೊತ್ತಿರೋದು ಇದೊಂದೇ ಜಾಗ. ಇಲ್ಲಿಗೆ ಬರೋವಷ್ಟು ಹೊತ್ತು ಅವಳನ್ನ ಹುಡುಕ್ಕೊಂಡು ಹೋಗಲ್ಲ ತಾನೆ."

ಅವಳು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು. ಒಳಗೆ ಹೋಗಿ ತನ್ನ ಕುರ್ಚಿ ತಂದು ಅವನ ಕುರ್ಚಿಯ ಪಕ್ಕ ಹಾಕಿದಳು, ಎರಡೂ ಬೀದಿ ಕಾಣುವ ಹಾಗೆ.

ಈಗ ಬೀಗದಣ್ಣ ಗಿರಾಕಿಗಳಿಗೆ ಪಾಠ ಹೇಳುವುದಿಲ್ಲ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ. ಮುಖಗಳನ್ನು ದಿಟ್ಟಿಸಿ ನೋಡುವುದನ್ನು ಕಲಿಯುತ್ತಿದ್ದಾನೆ, ಇಷ್ಟು ವರ್ಷ ಕಲಿಯದ್ದನ್ನು. ಬೀದಿಯಲ್ಲಿ ದಿನಕ್ಕೆ ಇನ್ನೂರು ಕಾರು ಬಂದು ನಿಲ್ಲುತ್ತವೆ, ಹೋಗುತ್ತವೆ. ಪ್ರತಿ ಸಲ ಹೊರಗೆ ಕೀಕ್ ಕೀಕ್ ಎಂದಾಗಲೂ ಗಂಡ ಹೆಂಡತಿ ಇಬ್ಬರೂ ಮಾತು ನಿಲ್ಲಿಸಿ ತಲೆ ಎತ್ತುತ್ತಾರೆ, ಹೊಸ್ತಿಲಲ್ಲಿ ಯಾರಾದರೂ ಕಾಲೊರೆಸಿಕೊಳ್ಳುವ ಸದ್ದು ಬರುತ್ತದೇನೋ ಎಂದು ಕಾಯುತ್ತಾರೆ.